ಸಾವಿರ ರೂಪಾಯಿಯಲ್ಲಿ ಬಾಡಿಗೆ ಮನೆ ತಾರಸಿ ಮೇಲೆ ತರಕಾರಿ: ಎಲ್ಲಿಂದ ಶುರು ಮಾಡಲಿ?

ಬಾಗಲಗುಂಟೆ ಮಹಡಿ

ಎಲ್ಲರಿಗೂ ನಮಸ್ಕಾರ. ಬಾಗಲಗುಂಟೆಯಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ. ಮೇಲಿನ ತಾರಸಿಯಲ್ಲಿ ಅರ್ಧ ಜಾಗ ಎಲ್ಲರ ಬಟ್ಟೆ ಒಣಗೋಕೆ. ಉಳಿದರ್ಧದಲ್ಲಿ ನೀರಿನ ಟ್ಯಾಂಕು, ಹಳೇ ಕಿಟಕಿ ಚೌಕಟ್ಟು, ಒಂದಿಷ್ಟು ಇಟ್ಟಿಗೆ ಬಿದ್ದಿವೆ. ಅದನ್ನೆಲ್ಲ ಪಕ್ಕಕ್ಕೆ ಸರಿಸಿ ತರಕಾರಿ ಹಾಕಿಕೊಳ್ಳಲಾ ಅಂತ ಓನರ್ ಆಂಟಿಯನ್ನು ಕೇಳಿದೆ. "ಸ್ಲ್ಯಾಬ್ ಸೋರಬಾರದು, ಕೆಳಗಿನವರ ಬಾಲ್ಕನಿಗೆ ಮಣ್ಣು ನೀರು ಬೀಳಬಾರದು" ಅಂದರು. ಅಂದರೆ ಒಪ್ಪಿಗೆ ಸಿಕ್ಕ ಹಾಗೆ.

ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಗ್ರೋ ಬ್ಯಾಗು, ತಯಾರಿ ಮಣ್ಣು, ಬೀಜ, ಸ್ಟ್ಯಾಂಡು ಎಲ್ಲ ಸೇರಿಸಿ ಅವರು ಹೇಳಿದ ರೇಟಿಗೆ ನಮ್ಮ ಮನೆಗೆ ಎರಡು ತಿಂಗಳ ತರಕಾರಿ ಬರುತ್ತದೆ! ನನ್ನ ಕೈಯಲ್ಲಿರುವುದು ಸಾವಿರ ರೂಪಾಯಿ, ಅದರ ಮೇಲೆ ಒಂದು ಪೈಸೆ ಆಗುವುದಿಲ್ಲ. ಮಳೆ ಶುರುವಾಗಿದೆ, ಈಗಲೇ ಹಾಕಬೇಕು ಅಂತ ಆಸೆ. ಟೊಮ್ಯಾಟೊ, ಬದನೆ, ಬೆಂಡೆ, ಕ್ಯಾಪ್ಸಿಕಂ ಅಂದುಕೊಂಡಿದ್ದೇನೆ. ಸರಿಯಾ?

ತ್ಯಾಗರಾಜನಗರದ ಅಜ್ಜಿ

ಕ್ಯಾಪ್ಸಿಕಂ ಸದ್ಯಕ್ಕೆ ಮರೆತುಬಿಡಮ್ಮ. ಟೊಮ್ಯಾಟೊನೂ ಆಮೇಲೆ ನೋಡೋಣ. ಮೊದಲು ಸೊಪ್ಪು ಹಾಕು.

ಯಾಕೆ ಅಂದರೆ, ನಿನ್ನ ಹತ್ತಿರ ನಾಲ್ಕು ಬದನೆ ಗಿಡ ಇದ್ದರೆ ಒಂದು ದಿನಕ್ಕೆ ಎರಡು ಕಾಯಿ ಸಿಗುತ್ತದೆ. ಎರಡು ಬದನೆಕಾಯಲ್ಲಿ ಏನು ಪಲ್ಯ ಮಾಡುತ್ತೀಯ? ಮಾರ್ಕೆಟ್ಟಿಗೆ ಹೋಗಲೇಬೇಕು. ಸೊಪ್ಪು ಹಾಗಲ್ಲ. ಒಂದು ಹಿಡಿ ದಂಟು, ನಾಲ್ಕು ಎಲೆ ಬಸಳೆ, ಸ್ವಲ್ಪ ಹೊನಗೊನ್ನೆ, ಒಂದಿಷ್ಟು ಚಕ್ರಮುನಿ, ಇದ್ದರೆ ನುಗ್ಗೆ ಚಿಗುರು. ಎಲ್ಲ ಸೇರಿಸಿ ಬೇಳೆ ಜೊತೆ ಬೇಯಿಸಿ ಮಸೆದರೆ ಮಸ್ಸೊಪ್ಪು. ಮನೆ ಮಂದಿಗೆಲ್ಲ ಸಾರು ಆಯಿತು. ಪುಟ್ಟ ತೋಟಕ್ಕೆ ಮಸ್ಸೊಪ್ಪಿಗಿಂತ ಒಳ್ಳೆ ಅಡುಗೆ ಇಲ್ಲ, ಬೆರಕೆ ಆದಷ್ಟೂ ರುಚಿ.

ಬೀಜಕ್ಕೆ ದುಡ್ಡೇ ಬೇಡ. ಸೊಪ್ಪಿನವಳ ಹತ್ತಿರ ಬಸಳೆ ಕಟ್ಟು ತಗೋ, ದಪ್ಪ ಕಾಂಡ ಇರುವುದನ್ನೇ ಆರಿಸು. ಎಲೆ ಅಡುಗೆಗೆ ಬಿಡಿಸಿಕೊಂಡ ಮೇಲೆ ಕಾಂಡವನ್ನು ಗೇಣುದ್ದ ಕತ್ತರಿಸು. ಒಂದೊಂದು ತುಂಡಿನಲ್ಲೂ ಮೂರು ನಾಲ್ಕು ಗಿಣ್ಣು ಇರಲಿ. ಎರಡು ಗಿಣ್ಣು ಮಣ್ಣೊಳಗೆ ಹೋಗುವ ಹಾಗೆ ಓರೆಯಾಗಿ ನೆಡು. ತಲೆ ಕೆಳಗು ಮಾಡಬೇಡ, ಎಲೆ ಇದ್ದ ಕಡೆ ಮೇಲಕ್ಕೆ. ಒಂದು ವಾರ ನೆರಳಲ್ಲಿರಲಿ. ಗಿಣ್ಣಿನ ಕಂಕುಳಲ್ಲಿ ಸಾಸಿವೆ ಕಾಳಷ್ಟು ಹಸಿರು ಕಾಣಿಸಿದರೆ ಹಿಡಿಯಿತು ಅಂತ ಲೆಕ್ಕ. ಹೊನಗೊನ್ನೆ, ಪುದೀನ, ದೊಡ್ಡಪತ್ರೆ ಎಲ್ಲಾ ಹೀಗೇ ಕಡ್ಡಿಯಿಂದ ಬರುತ್ತವೆ. ಚಕ್ರಮುನಿಗೆ ಸ್ವಲ್ಪ ಬಲಿತ ಕಡ್ಡಿ ಬೇಕು.

ಮೆಂತ್ಯ, ಕೊತ್ತಂಬರಿ ಅಡುಗೆಮನೆ ಡಬ್ಬಿಯಲ್ಲೇ ಇದೆ. ಕೊತ್ತಂಬರಿ ಬೀಜ ಒಂದರೊಳಗೆ ಎರಡು ಇರುತ್ತದೆ. ಲಟ್ಟಣಿಗೆಯಿಂದ ಮೆಲ್ಲಗೆ ಉರುಳಿಸಿ ಇಬ್ಭಾಗ ಮಾಡಿ, ರಾತ್ರಿ ನೆನೆಸಿ ಹಾಕು. ಅದು ಏಳೋಕೆ ಹತ್ತು ದಿನದ ಮೇಲೇ ಆಗಬಹುದು, ಬೇಜಾರು ಮಾಡಿಕೊಂಡು ಕೆದಕಬೇಡ.

ಕೆಂಗೇರಿ ಗುಜರಿ

ಅಜ್ಜಿ ಹೇಳಿದ್ದಕ್ಕೆ ನನ್ನದೂ ಓಟು. ನಾನು ಪಾತ್ರೆ ವಿಷಯ ಹೇಳುತ್ತೇನೆ.

ಗ್ರೋ ಬ್ಯಾಗ್ ಬೇಡ. ಗುಜರಿ ಅಂಗಡಿಯಲ್ಲಿ 20 ಲೀಟರಿನ ಪೇಂಟ್ ಬಕೆಟ್ ಕೇಳಿ. ಪೇಂಟಿಂಗ್ ನಡೆಯುತ್ತಿರುವ ಕಟ್ಟಡ ಹತ್ತಿರದಲ್ಲಿದ್ದರೆ ಮೇಸ್ತ್ರಿಯನ್ನೇ ಕೇಳಿ, ಸುಮ್ನೆ ಕೊಟ್ಟರೂ ಕೊಟ್ಟಾರು. ನೀರಲ್ಲಿ ಕರಗುವ ಗೋಡೆ ಪೇಂಟಿನ ಡಬ್ಬ ಮಾತ್ರ ತಗೊಳ್ಳಿ, ಟಿನ್ನರ್ ವಾಸನೆ ಇರುವುದು ಬೇಡ. ಒಳಗಿನ ಪದರ ಒಣಗಿಸಿ ಎಬ್ಬಿದರೆ ಹಾಳೆ ಹಾಗೆ ಬಿಟ್ಟುಕೊಳ್ಳುತ್ತದೆ. ತಳಕ್ಕೆ ಕಾದ ಕಂಬಿಯಲ್ಲಿ ಐದಾರು ತೂತು.

ಸೊಪ್ಪಿಗೆ ಆಳ ಬೇಡ, ಅಗಲ ಬೇಕು. ಹಣ್ಣಿನ ಅಂಗಡಿಯವರು ಎಸೆಯುವ ಪ್ಲಾಸ್ಟಿಕ್ ಕ್ರೇಟು, ಮೀನು ಅಂಗಡಿಯ ಥರ್ಮಾಕೋಲ್ ಡಬ್ಬಿ ಸಾಕು. ಆರೇಳು ಇಂಚು ಮಣ್ಣು ನಿಂತರೆ ದಂಟು, ಪಾಲಕ್, ಮೆಂತ್ಯ ಆರಾಮಾಗಿ ಬರುತ್ತವೆ. ಅಕ್ಕಿ ಚೀಲದಲ್ಲಿ ಹಾಕಿ ಅಂತ ವಿಡಿಯೋದಲ್ಲಿ ತೋರಿಸುತ್ತಾರೆ. ಬಿಸಿಲಿಗೆ ಆ ಚೀಲ ವರ್ಷ ತುಂಬುವುದರೊಳಗೆ ಪುಡಿಪುಡಿ ಆಗುತ್ತದೆ, ಮಣ್ಣಿನ ತುಂಬ ಪ್ಲಾಸ್ಟಿಕ್ ಎಳೆ.

ಓನರ್ ಆಂಟಿ ಮಾತು ತಲೆಯಲ್ಲಿಟ್ಟುಕೊಳ್ಳಿ. ಬಕೆಟ್ಟನ್ನು ನೆಲಕ್ಕೆ ಅಂಟಿಸಿ ಇಡಬೇಡಿ. ಕೆಳಗೆ ಮೂರು ಇಟ್ಟಿಗೆ ಚೂರು ಕೊಡಿ, ಗಾಳಿ ಆಡಿ ಸ್ಲ್ಯಾಬ್ ಒಣಗಬೇಕು. ಮಳೆ ನೀರು ಹೋಗುವ ಪೈಪಿನ ಬಾಯಿಗೆ ಜಾಲರಿ ಹಾಕಿ. ಬರೀ ಮಣ್ಣು ತುಂಬಿದ 20 ಲೀಟರ್ ಬಕೆಟ್ ನೀರು ಕುಡಿದಾಗ 30 ಕೆಜಿ ದಾಟುತ್ತದೆ. ಅದಕ್ಕೇ ಎಲ್ಲವನ್ನೂ ತಾರಸಿ ನಡುವೆ ಗುಡ್ಡೆ ಹಾಕಬೇಡಿ, ಗೋಡೆ ಮತ್ತು ತೊಲೆ ಇರುವ ಅಂಚಿನಲ್ಲಿ ಸಾಲಾಗಿ ಇಡಿ.

ಲೆಕ್ಕದ ಮೇಷ್ಟ್ರು

ಎಲ್ಲರೂ ಉತ್ಸಾಹದಲ್ಲಿದ್ದೀರಿ, ಸ್ವಲ್ಪ ತಣ್ಣೀರು ಎರಚುತ್ತೇನೆ, ಕೋಪ ಬೇಡ. ಒಂದು ಕಟ್ಟು ದಂಟು 20 ರೂಪಾಯಿ ಅಂತ ಹಿಡಿಯಿರಿ. ಸಾವಿರ ರೂಪಾಯಿ ವಾಪಸ್ ಬರಬೇಕಾದರೆ 50 ಕಟ್ಟು ಬೆಳೆಯಬೇಕು. ಅದೂ ನಿಮ್ಮ ಶ್ರಮ, ನೀರು, ಬೆಳಗಿನ ಹೊತ್ತು ಎಲ್ಲ ಸೊನ್ನೆ ಅಂತ ಬರೆದರೆ. ಮನೆ ಖರ್ಚು ಉಳಿಸಬೇಕು ಅನ್ನುವುದೇ ಕಾರಣ ಆಗಿದ್ದರೆ ವಾರಕ್ಕೊಮ್ಮೆ ಸಂಜೆ ಸಂತೆ ಮುಗಿಯುವ ಹೊತ್ತಿಗೆ ಹೋಗಿ ಚೌಕಾಸಿ ಮಾಡುವುದು ಲಾಭ.

ತ್ಯಾಗರಾಜನಗರದ ಅಜ್ಜಿ

ಮೇಷ್ಟ್ರೇ, ಟೊಮ್ಯಾಟೊಗೆ ನಿಮ್ಮ ಲೆಕ್ಕ ಸರಿ. ಸೊಪ್ಪಿಗೆ ಅಲ್ಲ. ದಂಟನ್ನು ಬೇರು ಸಮೇತ ಕೀಳದೆ ಮೇಲಿಂದ ಕುಯ್ದುಕೊಂಡರೆ ಪಕ್ಕದಿಂದ ಮತ್ತೆ ಚಿಗುರುತ್ತದೆ. ಬಸಳೆ ಒಂದು ಸಲ ಹಿಡಿದರೆ ತಿಂಗಳುಗಟ್ಟಲೆ ಕೊಡುತ್ತದೆ. ಇನ್ನು ಕರಿಬೇವು, ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ ಇವನ್ನು ನಾವು ಬೇಕಾಗುವುದಕ್ಕಿಂತ ಜಾಸ್ತಿ ತಂದು ಫ್ರಿಜ್ಜಿನಲ್ಲಿ ಕೊಳೆಸುತ್ತೇವೆ. ಬೇಕಾದಷ್ಟೇ ಕಿತ್ತುಕೊಂಡರೆ ಆ ಕೊಳೆಯುವ ಬಾಬ್ತು ಉಳಿಯಿತಲ್ಲ, ಅದನ್ನೂ ಬರೆದುಕೊಳ್ಳಿ.

ಲೆಕ್ಕದ ಮೇಷ್ಟ್ರು

ಪುದೀನ ಒಪ್ಪಿದೆ. ಉಳಿದದ್ದಕ್ಕೆ ನನ್ನ ಮಾತು ಹಾಗೇ ಇದೆ.

ಕೆಮ್ಮಣ್ಣು

ಮಡಿಕೆ, ಬಕೆಟ್ ಏನೇ ಇರಲಿ, ಆ ಸಾವಿರದಲ್ಲಿ ದೊಡ್ಡ ಪಾಲು ಮಣ್ಣಿಗೆ ಹೋಗಬೇಕು ಮೇಡಂ. ತಯಾರಿ ಮಣ್ಣಿನ ಚೀಲ ಬೇಡ. ಅದರಲ್ಲಿ ಬಹುಪಾಲು ತೆಂಗಿನ ನಾರಿನ ಪುಡಿ, ಅದಕ್ಕೆ ಮಣ್ಣಿನ ರೇಟು ಕೊಡಬೇಕು.

ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೊಕೊಪೀಟ್ (ಅದೇ ತೆಂಗಿನ ನಾರಿನ ಪುಡಿ) ಅಥವಾ ಕೊಳೆತ ಎಲೆ. ಇದು ಸಾಕು. ಬೆಂಗಳೂರಲ್ಲಿ ಯಾವ ಬೀದಿಗೆ ಹೋದರೂ ಯಾರೋ ಒಬ್ಬರು ಪಾಯ ತೋಡುತ್ತಿರುತ್ತಾರೆ, ಕೆಮ್ಮಣ್ಣಿಗೆ ಬರವಿಲ್ಲ. ಕೇಳಿ ತಗೊಳ್ಳಿ. ಆದರೆ ಆಳದ ಮಣ್ಣಿನಲ್ಲಿ ಸಾರ ಇರುವುದಿಲ್ಲ, ಮಳೆ ಬಿದ್ದರೆ ಅಂಟು, ಬಿಸಿಲಿಗೆ ಹೆಂಟೆ. ಸಿಮೆಂಟ್ ಕಲಸಿದ ಜಾಗದ ಪಕ್ಕದ ಮಣ್ಣು ಬೇಡವೇ ಬೇಡ. ಜರಡಿ ಹಿಡಿದು, ಗೊಬ್ಬರ ಬೆರೆಸಿ, ಒದ್ದೆ ಮಾಡಿ ಎರಡು ವಾರ ಮುಚ್ಚಿಟ್ಟು ಆಮೇಲೆ ಬಳಸಿ.

ಗೊಬ್ಬರ ಹಳೆಯದಾ ಅಂತ ತಿಳಿಯೋಕೆ ಕೈಗೆತ್ತಿಕೊಂಡು ಮೂಸಿ. ಸಗಣಿ ವಾಸನೆ ಇರಬಾರದು, ಮಳೆ ಬಿದ್ದ ನೆಲದ ವಾಸನೆ ಬರಬೇಕು. ಮುಟ್ಟಿದರೆ ಬಿಸಿ ಇದ್ದರೆ ಇನ್ನೂ ಕೊಳೆಯುತ್ತಿದೆ ಅಂತ ಅರ್ಥ, ಎಳೆ ಬೇರು ಸುಡುತ್ತದೆ. ನಿಮ್ಮ ಕಡೆ ಈಗಲೂ ಹಸು ಕಟ್ಟಿದವರು ಇದ್ದಾರೆ, ಅವರ ತಿಪ್ಪೆಯ ತಳದ್ದು ಕೇಳಿ.

ಕೊಕೊಪೀಟ್ ಇಟ್ಟಿಗೆ ತಂದರೆ ನೆನೆಸಿ, ಆ ಕಂದು ನೀರು ಎರಡು ಮೂರು ಸಲ ಬಸಿದು ಬಿಡಿ. ಅದರಲ್ಲಿ ಉಪ್ಪಿರುತ್ತದೆ. ದುಡ್ಡು ಸಾಲದಿದ್ದರೆ ಒಣ ಎಲೆ. ರಸ್ತೆ ಗುಡಿಸುವ ಪೌರಕಾರ್ಮಿಕರನ್ನು ಕೇಳಿದರೆ ಒಂದು ಮೂಟೆ ಖುಷಿಯಾಗಿ ಕೊಡುತ್ತಾರೆ, ಅವರಿಗೂ ಹೊರುವುದು ಕಡಿಮೆ. ಹೊಂಗೆ ಎಲೆ ಬೇಗ ಕೊಳೆಯುತ್ತದೆ. ಮಾವಿನ ಎಲೆ ನಿಧಾನ.

ಇದ್ದಿಲು ಇಸ್ತ್ರಿ ಗಾಡಿ ಹತ್ತಿರದಲ್ಲಿದೆಯಾ? ಅಲ್ಲಿ ಬೂದಿ ಸಿಗುತ್ತದೆ. ಬಕೆಟ್ಟಿಗೆ ಒಂದು ಹಿಡಿಗಿಂತ ಜಾಸ್ತಿ ಬೇಡ. ಈಗ ಗ್ಯಾಸ್ ಇಸ್ತ್ರಿ ಪೆಟ್ಟಿಗೆ ಬಂದು ಆ ಬೂದಿಗೂ ಕಾಲ ಮುಗಿಯುತ್ತಿದೆ.

ರಾಜಾಜಿನಗರ ನಳ್ಳಿ

ನೀರಿನ ಬಗ್ಗೆ ಯಾರೂ ಮಾತಾಡಲಿಲ್ಲ. ಈಗ ಮಳೆ ಇದೆ ಸರಿ, ಫೆಬ್ರವರಿ ಬಂದಾಗ? 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ, ಗಾಡಿ ತೊಳೆಯೋಕೆ ಬಳಸಿದರೆ 5000 ರೂಪಾಯಿ ದಂಡ ಅಂತ ಆದೇಶ ಮಾಡಿದ್ದು ನೆನಪಿದೆ ಅಲ್ವಾ? ನಿಮ್ಮ ಇಡೀ ತೋಟದ ಬಜೆಟ್ಟಿನ ಐದು ಪಟ್ಟು.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಒಂದು ಬಕೆಟ್ಟಿಗೆ ಹಿಡಿದಿಡಿ. ಸಣ್ಣ ತೋಟಕ್ಕೆ ಮುಕ್ಕಾಲು ಪಾಲು ಅದರಲ್ಲೇ ಆಗುತ್ತದೆ. ಉಪ್ಪು ಹಾಕಿ ಬೇಯಿಸಿದ ನೀರು, ಪಾತ್ರೆ ತೊಳೆದ ಸೋಪಿನ ನೀರು ಬೇಡ. ಆರ್‌ಓ ಯಂತ್ರದಿಂದ ಹೊರಗೆ ಬೀಳುವ ನೀರನ್ನು ತುಂಬಾ ಜನ ಗಿಡಕ್ಕೆ ಹಾಕುತ್ತಾರೆ. ನಿಮ್ಮಲ್ಲಿ ಬೋರ್‌ವೆಲ್ ನೀರು ಅಂದರೆ ಮೊದಲೇ ಗಡಸು, ಯಂತ್ರ ಆ ಉಪ್ಪನ್ನೆಲ್ಲ ಉಳಿದ ನೀರಿಗೆ ತಳ್ಳಿರುತ್ತದೆ. ದಿನಾ ಅದನ್ನೇ ಹಾಕಿದರೆ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ಎಲೆ ಅಂಚು ಸುಡುತ್ತದೆ. ನೆಲ ಒರೆಸೋಕೆ ಇಟ್ಟುಕೊಳ್ಳಿ.

ಮಣ್ಣಿನ ಮೇಲೆ ಎರಡು ಇಂಚು ಒಣ ಎಲೆ ಅಥವಾ ತೆಂಗಿನ ನಾರು ಹೊದಿಸಿ. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ಹಾಕುವ ಕಡೆ ಒಂದು ಸಲಕ್ಕೆ ಇಳಿಯುತ್ತದೆ.

ಹೆಸರಘಟ್ಟ ರೋಡ್

ಮೇಡಂ, ನೀವು ಬಾಗಲಗುಂಟೆಯಲ್ಲಿದ್ದೀರಿ, ಹೆಸರಘಟ್ಟ ನಿಮಗೆ ಹತ್ತಿರ. ಅಲ್ಲಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಬೀಜ ಮಾರುತ್ತಾರೆ, ಆನ್‌ಲೈನಲ್ಲೂ ಸಿಗುತ್ತದೆ. 'ಅರ್ಕ' ಅಂತ ಶುರುವಾಗುವ ತಳಿಗಳೆಲ್ಲ ಅವರವು. ನಿಮಗೆ ಬೇಕಾದದ್ದು ಅರ್ಕ ಸುಗುಣ ದಂಟು, ಮತ್ತೆ ಮತ್ತೆ ಕುಯ್ಯೋಕೆ ಅಂತಲೇ ಮಾಡಿದ ತಳಿ. ಪಾಲಕ್‌ನಲ್ಲಿ ಅರ್ಕ ಅನುಪಮ. ಬೆಂಡೆ ಹಾಕುವ ಆಸೆ ಇದ್ದರೆ ಅರ್ಕ ಅನಾಮಿಕ.

ಅನಾಮಿಕ ಹೈಬ್ರಿಡ್ ಅಲ್ಲ. ಒಂದು ಗಿಡದಲ್ಲಿ ಎರಡು ಕಾಯಿ ಬಲಿಯೋಕೆ ಬಿಟ್ಟರೆ ಮುಂದಿನ ಸಲಕ್ಕೆ ಬೀಜ ನಿಮ್ಮದೇ. ಟೊಮ್ಯಾಟೊಗೆ ಅರ್ಕ ರಕ್ಷಕ್ ಒಳ್ಳೆಯದು, ಎಲೆ ಮುಟುರು, ಸೊರಗು, ಅಂಗಮಾರಿ ಮೂರೂ ರೋಗ ತಡೆಯುತ್ತದೆ. ಆದರೆ ಅದು ಹೈಬ್ರಿಡ್. ಅದರ ಹಣ್ಣಿನ ಬೀಜ ಹಾಕಿದರೆ ಗಿಡ ಬರುತ್ತದೆ, ತಾಯಿ ಗುಣ ಬರುವುದಿಲ್ಲ. ಅಂಗಡಿ ಟೊಮ್ಯಾಟೊ ಹಿಂಡಿ ಬೀಜ ಹಾಕುವವರಿಗೂ ಇದೇ ಕಥೆ.

ಬೆಂಡೆ ಹಾಕುವುದಾದರೆ ಒಂದೆರಡು ಗಿಡ ಹಾಕಿ ಪ್ರಯೋಜನ ಇಲ್ಲ. ಎಂಟು ಹತ್ತು ಗಿಡ ಇದ್ದರೆ ಒಂದು ಹೊತ್ತಿನ ಪಲ್ಯಕ್ಕೆ ಕಾಯಿ ಒಟ್ಟಾಗುತ್ತದೆ. ಸಸಿ ಮಾಡುವ ತಟ್ಟೆ ಕೊಳ್ಳಬೇಡಿ. ನಂದಿನಿ ಹಾಲಿನ ಕವರಿಗೆ ಕೆಳಗೆ ಎರಡು ತೂತು ಮಾಡಿ ಮಣ್ಣು ತುಂಬಿ, ಮೆಣಸಿನಕಾಯಿ, ಬದನೆ ಸಸಿಗೆ ಚೆನ್ನಾಗಿ ಆಗುತ್ತದೆ. ಬೆಂಡೆ ಮಾತ್ರ ನೇರವಾಗಿ ಜಾಗದಲ್ಲೇ ಹಾಕಿ, ಕಿತ್ತು ನೆಡುವುದು ಅದಕ್ಕೆ ಒಗ್ಗುವುದಿಲ್ಲ.

ಸುಮ್ನೆ ಓದುವವನು

ಆಗಸ್ಟಿನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಇರುತ್ತದಲ್ಲ, ಅಲ್ಲಿ ಬೀಜ, ಸಸಿ, ಗೊಬ್ಬರ ತಗೊಂಡರೆ ಆಗಲ್ವಾ?

ಕೆಂಗೇರಿ ಗುಜರಿ

ಹೂವು ನೋಡಿ ಬನ್ನಿ. ದುಡ್ಡು ಮನೆಯಲ್ಲೇ ಇಟ್ಟು ಹೋಗಿ. ಅಲ್ಲಿ ಜೇಬು ಖಾಲಿ ಆಗುವುದು ಗೊತ್ತೇ ಆಗುವುದಿಲ್ಲ. ಬೀಜ ವಿನಿಮಯ ಬೇಕಿದ್ದರೆ ತಾರಸಿ ತೋಟದವರು ನಡೆಸುವ 'ಊಟ ಫ್ರಮ್ ಯುವರ್ ತೋಟ' ಸಂತೆಗೆ ಹೋಗಿ, ಅಲ್ಲಿಗೆ ಬರುವವರೆಲ್ಲ ನಮ್ಮ ಥರದವರೇ.

ಬಾಗಲಗುಂಟೆ ಮಹಡಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಲ್ಲಿಯವರೆಗಿನ ವರದಿ ಒಪ್ಪಿಸುತ್ತೇನೆ. ಗುಜರಿಯಲ್ಲಿ ಪೇಂಟ್ ಬಕೆಟ್ ಸಿಕ್ಕವು, ಹಣ್ಣಿನವರು ಕ್ರೇಟ್ ಪುಕ್ಕಟೆ ಕೊಟ್ಟರು. ಹಿಂದಿನ ಬೀದಿಯ ಹಸು ಮನೆಯವರು ಗೊಬ್ಬರಕ್ಕೆ ಚೀಲ ನೀವೇ ತನ್ನಿ ಅಂದರು. ಸಾವಿರದಲ್ಲಿ ಇನ್ನೂ ಅರ್ಧ ಉಳಿದಿದೆ. ಬಸಳೆ ಹಿಡಿದಿದೆ ಅಜ್ಜಿ, ನೀವು ಹೇಳಿದ ಹಾಗೇ ಕಂಕುಳಲ್ಲಿ ಹಸಿರು ಕಾಣಿಸಿತು!

ಮೆಂತ್ಯ ಕೂಡ ಮೂರನೇ ದಿನಕ್ಕೇ ಎದ್ದಿತ್ತು. ಆಮೇಲೆ ಪಾರಿವಾಳ ಬಂದವು. ಬೆಳಿಗ್ಗೆ ನೋಡಿದರೆ ಕ್ರೇಟು ಬೋಳು. ಏನು ಮಾಡಲಿ? ಇನ್ನೊಂದು, ಮೊದಲೇ ಇದ್ದ ಮೆಣಸಿನ ಗಿಡದ ತುದಿಯಲ್ಲಿ ಬಿಳಿ ಹತ್ತಿ ಥರ ಏನೋ ಅಂಟಿಕೊಂಡಿದೆ.

ಮಲ್ಲೇಶ್ವರ ಹದಿನೈದನೇ ಕ್ರಾಸ್

ಬರೀ ಪಾರಿವಾಳ ತಾನೇ, ನೀವು ಪುಣ್ಯವಂತರು. ನಮ್ಮಲ್ಲಿ ಕೋತಿ. ಗಿಡ ಕೀಳುವುದಿರಲಿ, ಬಕೆಟ್ಟನ್ನೇ ಉರುಳಿಸಿ ಹೋಗುತ್ತವೆ. ಅವು ಮುಟ್ಟದೆ ಬಿಟ್ಟಿರುವುದು ದೊಡ್ಡಪತ್ರೆ ಒಂದನ್ನೇ.

ಪಾರಿವಾಳಕ್ಕೆ ಹಳೇ ಸೊಳ್ಳೆ ಪರದೆ ಸಾಕು. ಎರಡು ಕಡ್ಡಿ ಬಗ್ಗಿಸಿ ಕ್ರೇಟಿನ ಮೇಲೆ ಕಮಾನು ಮಾಡಿ, ಪರದೆ ಹೊದಿಸಿ, ಅಂಚಿಗೆ ಬಟ್ಟೆ ಕ್ಲಿಪ್ ಹಾಕಿ. ಸಿಡಿ ನೇತುಹಾಕುವುದು, ಹೊಳೆಯುವ ರಿಬ್ಬನ್ ಕಟ್ಟುವುದು ಎಲ್ಲ ನಾಲ್ಕು ದಿನದ ಮಾತು. ಐದನೇ ದಿನ ಆ ಸಿಡಿ ಮೇಲೇ ಕೂತಿರುತ್ತದೆ.

ಕೆಮ್ಮಣ್ಣು

ಬಿಳಿ ಹತ್ತಿ ಅಂದರೆ ಹಿಟ್ಟು ತಿಗಣೆ. ಔಷಧಿ ಅಂಗಡಿಗೆ ಓಡಬೇಡಿ. ಮೊದಲು ಜೋರಾಗಿ ನೀರು ಹೊಡೆದು ಉದುರಿಸಿ, ಜಾಸ್ತಿ ಇರುವ ತುದಿ ಕತ್ತರಿಸಿ ಕವರಿನಲ್ಲಿ ಕಟ್ಟಿ ಎಸೆಯಿರಿ, ತೋಟದ ಗೊಬ್ಬರದ ಬುಟ್ಟಿಗೆ ಬೇಡ. ಆಮೇಲೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನ ಎಣ್ಣೆ, ಅದು ಬೆರೆಯಲಿ ಅಂತ ನಾಲ್ಕು ಹನಿ ಪಾತ್ರೆ ಸೋಪು. ಸಂಜೆ ಹೊತ್ತು ಎಲೆ ಅಡಿಗೆ ಬೀಳುವ ಹಾಗೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ. ಗಿಡದ ಕೆಳಗೆ ಇರುವೆ ಸಾಲು ಇದೆಯಾ ನೋಡಿ. ತಿಗಣೆ ಬಿಡುವ ಸಿಹಿ ಅಂಟಿಗೆ ಇರುವೆ ಬರುತ್ತವೆ, ಅವೇ ಅದನ್ನು ಕಾವಲು ಕಾಯುತ್ತವೆ.

ಎಲೆ ಮೇಲೆ ಬಿಳಿ ಗೀಚು ಗೀಚು ಕಂಡರೆ ಅದು ರಂಗೋಲಿ ಹುಳು. ಆ ಎಲೆ ಚಿವುಟಿ ಹಾಕಿ, ಅಷ್ಟೇ.

ಯಲಹಂಕ ಹೀರೆಬಳ್ಳಿ

ನಡುವೆ ನನ್ನದೊಂದು ಪ್ರಶ್ನೆ. ಹೀರೆ ಬಳ್ಳಿ ಚೆನ್ನಾಗಿ ಹಬ್ಬಿದೆ, ಹೂವೂ ಬರುತ್ತಿದೆ, ಪುಟ್ಟ ಕಾಯಿ ಬಂದು ಹಳದಿಯಾಗಿ ಉದುರಿ ಹೋಗುತ್ತದೆ. ಗೊಬ್ಬರ ಕಡಿಮೆಯಾ?

ಹೆಸರಘಟ್ಟ ರೋಡ್

ಗೊಬ್ಬರ ಅಲ್ಲ, ಪರಾಗ ಸೇರುತ್ತಿಲ್ಲ. ಹೂವಿನ ಹಿಂದೆ ಬೆರಳಷ್ಟು ಕಾಯಿ ಇದ್ದರೆ ಹೆಣ್ಣು, ಬರೀ ತೊಟ್ಟು ಇದ್ದರೆ ಗಂಡು. ಗಂಡು ಹೂ ಕಿತ್ತು, ದಳ ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಹೊತ್ತು ಮುಖ್ಯ. ಹೀರೆ, ಸೋರೆ ಅರಳುವುದು ಸಂಜೆ. ಕುಂಬಳ, ಹಾಗಲ ಬೆಳಿಗ್ಗೆ. ನೀವು ಬೆಳಿಗ್ಗೆ ಕಾಫಿ ಕುಡಿದು ಹೋಗಿ ನೋಡಿದರೆ ಹೀರೆ ಹೂವಿನ ಕೆಲಸ ಮುಗಿದಿರುತ್ತದೆ.

ರಾಜಾಜಿನಗರ ನಳ್ಳಿ

ಬಾಗಲಗುಂಟೆ ಮೇಡಂ, ಉಳಿದ ಅರ್ಧ ದುಡ್ಡು ಖರ್ಚು ಮಾಡಬೇಡಿ. ಇನ್ನೊಂದು ಪೇಂಟ್ ಬಕೆಟ್ಟಿನ ಸುತ್ತ ತೂತು ಕೊರೆದು ಅಡುಗೆಮನೆ ಹಸಿ ಕಸ ಹಾಕುತ್ತಾ ಬನ್ನಿ. ಒಂದು ಪದರ ಕಸ, ಒಂದು ಪದರ ಒಣ ಎಲೆ, ಮೇಲೆ ಒಂದು ಹಿಡಿ ಹಳೇ ಗೊಬ್ಬರ. ನಾರಿದರೆ ನೀರಂಶ ಜಾಸ್ತಿ ಆಗಿದೆ, ಒಣ ಎಲೆ ಸೇರಿಸಿ. ದಪ್ಪ ಹುಳು ಕಂಡರೆ ಹೆದರಬೇಡಿ, ಅವು ಕೆಲಸ ಮಾಡೋಕೇ ಬಂದಿರುತ್ತವೆ. ಎರಡು ಮೂರು ತಿಂಗಳಿಗೆ ಮುಂದಿನ ಬೆಳೆಗೆ ಗೊಬ್ಬರ ರೆಡಿ. ಪ್ರತಿ ಸಲ ಬೆಳೆ ತೆಗೆದ ಮೇಲೆ ಮಣ್ಣಿಗೆ ಇದು ಬೇಕೇ ಬೇಕು. ಮೊದಲ ಬೆಳೆ ಚೆನ್ನಾಗಿ ಬಂತು, ಎರಡನೆಯದು ಸೊರಗಿತು ಅನ್ನುವವರೆಲ್ಲ ಇಲ್ಲೇ ಕೈ ಬಿಟ್ಟಿರುತ್ತಾರೆ.

ಬಾಗಲಗುಂಟೆ ಮಹಡಿ

ಸರಿ ಸರ್. ಓನರ್ ಆಂಟಿ ಮೊನ್ನೆ ಮೇಲೆ ಬಂದು ಎಲ್ಲ ಬಕೆಟ್ ಕೆಳಗೂ ಬಗ್ಗಿ ನೋಡಿದರು. ಇಟ್ಟಿಗೆ ಚೂರು ನೋಡಿ ಏನೂ ಅನ್ನಲಿಲ್ಲ, ಪುದೀನ ಮಾತ್ರ ಕಿತ್ತುಕೊಂಡು ಹೋದರು. ಈಗ ಅವರದೇ ಒಂದು ಬೇಡಿಕೆ: ಅವರೆ ಹಾಕು, ಸಂಕ್ರಾಂತಿ ಹೊತ್ತಿಗೆ ಬರಲಿ ಅಂತ. ಬಕೆಟ್ಟಲ್ಲಿ ಅವರೆ ಬರುತ್ತದಾ?

ತ್ಯಾಗರಾಜನಗರದ ಅಜ್ಜಿ

ಬರುತ್ತೆ ಕಣಮ್ಮ. ಒಂದು ಬಕೆಟ್ಟಿಗೆ ಎರಡೇ ಗಿಡ, ಹಬ್ಬೋಕೆ ಬಟ್ಟೆ ಹಗ್ಗದ ಕಂಬ ತೋರಿಸು. ನಾಟಿ ಅವರೆ ಹಗಲು ಚಿಕ್ಕದಾದರೇ ಹೂ ಬಿಡುವುದು. ಬೇಸಿಗೆಯಲ್ಲಿ ಹಾಕಿದರೆ ಬರೀ ಬಳ್ಳಿ. ಜುಲೈ, ಆಗಸ್ಟಲ್ಲಿ ಹಾಕಿದರೆ ಚಳಿ ಹೊತ್ತಿಗೆ ಹೂವು, ಆಮೇಲೆ ಕಾಯಿ. ಚಿಗುರಿನ ಹೇನಿಗೆ ಬೆಳಗಿನ ಇಬ್ಬನಿ ಇರುವಾಗ ಬೂದಿ ಉದುರಿಸು.

ಹೆಸರಘಟ್ಟ ರೋಡ್

ಬಳ್ಳಿ ಬೇಡ, ಗಿಡ್ಡ ಗಿಡ ಸಾಕು ಅಂದರೆ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಇವೆ. ಅವಕ್ಕೆ ಹಗಲಿನ ಲೆಕ್ಕ ಇಲ್ಲ, ಯಾವಾಗ ಹಾಕಿದರೂ ಒಂದೂವರೆ ತಿಂಗಳ ಸುಮಾರಿಗೆ ಹೂ ಬರುತ್ತದೆ. ಆ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಬೀಜ ವಿಚಾರಿಸಿ.

ತ್ಯಾಗರಾಜನಗರದ ಅಜ್ಜಿ

ಸೊಗಡಿನಲ್ಲಿ ನಾಟಿಯದೇ ಮೇಲು, ನಾನು ಜಗಳಕ್ಕೂ ಸಿದ್ಧ.

ಲೆಕ್ಕದ ಮೇಷ್ಟ್ರು

ಎರಡು ಬಕೆಟ್, ನಾಲ್ಕು ಗಿಡ. ಹಿತಕಿದ ಬೇಳೆ ಸಾರಿಗೆ ಸಾಕಾಗುವುದಿಲ್ಲ. ಅವರೆಬೇಳೆ ಮೇಳಕ್ಕೆ ಹೋಗಿ ಬನ್ನಿ.

ತ್ಯಾಗರಾಜನಗರದ ಅಜ್ಜಿ

ಹಿತಕಿದ ಬೇಳೆ ಯಾರು ಹೇಳಿದರು? ಉಪ್ಪಿಟ್ಟಿಗೆ ಹಾಕುತ್ತಾಳೆ. ಬೆಳಗ್ಗೆ ಕಿತ್ತ ಕಾಳು ಒಂದು ಹಿಡಿ ಬಿದ್ದರೆ ಸಾಕು.